ಯಾವ ಅಂಗುಲದ ಯೋಜನ? ಚಾರ್ಮಾಡಿಯ ತಪ್ಪಲಿನಿಂದ ಆಕಾಶದವರೆಗಿನ ಒಂದು ಅಳತೆಯ ಇತಿಹಾಸ

ಚಾರ್ಮಾಡಿ ಘಾಟಿಯ ಕೆಳಗೆ ಜಾಗದ ಮಾತು ಬಂದರೆ ಲೆಕ್ಕ ಸೆಂಟ್ಸಿನಲ್ಲಿ ನಡೆಯುತ್ತದೆ. ತಿರುವುಗಳನ್ನು ಹತ್ತಿ ಕೊಟ್ಟಿಗೆಹಾರ ಮುಟ್ಟಿದರೆ ಅದೇ ಮಾತು ಗುಂಟೆಗೆ ಹೊರಳುತ್ತದೆ. ಎಕರೆಯ ನೂರನೇ ಒಂದು ಪಾಲು ಸೆಂಟ್ಸ್, ನಲವತ್ತನೇ ಒಂದು ಪಾಲು ಗುಂಟೆ. ಎರಡೂವರೆ ಸೆಂಟ್ಸಿಗೆ ಒಂದು ಗುಂಟೆ ಎಂಬ ಲೆಕ್ಕ ಘಟ್ಟದ ಎರಡೂ ಕಡೆ ನೆಂಟಸ್ತನ ಇಟ್ಟುಕೊಂಡವರಿಗೆ ಬಾಯಿಪಾಠ. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಕೆಳಗಿನ ಕೆನರಾ ಸೀಮೆ ಈಸ್ಟ್ ಇಂಡಿಯಾ ಕಂಪನಿಯ ವಶವಾಗಿ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತು. ಮೇಲಿನದು ಮೈಸೂರು ಸಂಸ್ಥಾನಕ್ಕೆ ಉಳಿಯಿತು. 1956ರ ನವೆಂಬರ್ 1ರಂದು ಗಡಿ ಅಳಿಸಿಹೋಯಿತು, ಅಳತೆ ಅಳಿಯಲಿಲ್ಲ.

ಈ ಪರಿವರ್ತನೆ ಇಷ್ಟು ನಯವಾಗಿ ಕೂಡಿಬರುವುದಕ್ಕೆ ಕಾರಣ ಸರಳ. ಎರಡನ್ನೂ ಕತ್ತರಿಸಿದ್ದು ಒಂದೇ ಸರಪಳಿಯಿಂದ. ಗುಂಟರ್ ಎಂಬ ಆಂಗ್ಲ ಗಣಿತಜ್ಞನ ಹೆಸರಿನ ಸರಪಳಿಗೆ 66 ಅಡಿ ಉದ್ದ, ನೂರು ಕೊಂಡಿ. ಹತ್ತು ಚದರ ಸರಪಳಿಗೆ ಒಂದು ಎಕರೆ. ಒಂದು ಚದರ ಸರಪಳಿಯ ಹತ್ತನೇ ಒಂದು ಪಾಲು 435.6 ಚದರ ಅಡಿ, ಅದು ಸೆಂಟ್ಸ್. ಅರ್ಧ ಸರಪಳಿಯ ಚೌಕ, ಅಂದರೆ 33 ಅಡಿಗೆ 33 ಅಡಿ, 1089 ಚದರ ಅಡಿ, ಅದು ಗುಂಟೆ. ಹುಟ್ಟು ಒಂದೇ ಆದ್ದರಿಂದ ಭಾಗಾಕಾರದಲ್ಲಿ ಶೇಷ ಉಳಿಯುವುದಿಲ್ಲ.

ಈಗ ಹಳೆಯ ಪ್ರಶ್ನೆಗೆ ಬರೋಣ. ಒಂದು ಯೋಜನಕ್ಕೆ ಎಷ್ಟು ಕಿಲೋಮೀಟರು? ನಮ್ಮ ಪುರಾಣಾನುವಾದಗಳ ಅಡಿಟಿಪ್ಪಣಿಗಳಲ್ಲಿ, ಶಾಲೆಯ ಭಿತ್ತಿಪತ್ರಗಳಲ್ಲಿ, ಖಗೋಳದ ಜನಪ್ರಿಯ ಭಾಷಣಗಳಲ್ಲಿ ಈ ಪ್ರಶ್ನೆಗೆ 8 ಎಂದೂ 12 ಎಂದೂ 14ಕ್ಕೆ ಮೇಲೆಂದೂ ಉತ್ತರ ಸಿಗುತ್ತದೆ. ಭಾಷಣಕಾರರು ತಮಗೆ ಬೇಕಾದ ಫಲಿತಾಂಶಕ್ಕೆ ಒಗ್ಗುವ ಅಂಕಿಯನ್ನು ಆರಿಸಿಕೊಳ್ಳುತ್ತಾರೆ ಎಂದರೆ ತಪ್ಪಾಗಲಾರದು. ಯೋಜನವೆಂಬ ಹೆಸರಿನಡಿ ಕನಿಷ್ಠ ಎರಡು ಬೇರೆ ಸರಪಳಿಗಳು ಅಡಗಿವೆ: ಒಂದು ಮನುಷ್ಯನ ಬೆರಳಿನಿಂದ ಮೇಲಕ್ಕೆ ಏರಿದ್ದು, ಇನ್ನೊಂದು ಭೂಮಿಯ ವ್ಯಾಸದಿಂದ ಆಚೆಗೆ ಹೋದದ್ದು. ಇವೆರಡನ್ನು ಯಾರೂ ಒಂದೇ ಗೂಟಕ್ಕೆ ಕಟ್ಟಿರಲಿಲ್ಲ ಎಂಬುದು ಈ ಲೇಖನದ ವಾದ. ಅದನ್ನು ಬಾಯಿಬಿಟ್ಟು ಹೇಳಿದ ಪರಂಪರೆಯೊಂದರ ಗ್ರಂಥಗಳು ಚಾರ್ಮಾಡಿಯಿಂದ ಇಳಿದು ಬೆಳ್ತಂಗಡಿ, ವೇಣೂರು ದಾಟಿದರೆ ಸಿಗುವ ಮೂಡುಬಿದಿರೆಯಲ್ಲಿ ಶತಮಾನಗಳ ಕಾಲ ಓಲೆಗರಿಗಳಲ್ಲಿ ಉಳಿದುಬಂದವು.

ಮೈಯಿಂದ ಹೊರಟ ಅಳತೆ

ಗೇಣು, ಮೊಳ, ಮಾರು ನಮಗೆ ಹೇಳಿಕೊಡಬೇಕಾದ ಮಾತುಗಳಲ್ಲ. ಎರಡು ಗೇಣಿಗೆ ಒಂದು ಮೊಳ, ನಾಲ್ಕು ಮೊಳಕ್ಕೆ ಒಂದು ಮಾರು. ಘಟ್ಟದ ಮೇಲಿನ ಸಂತೆಯಲ್ಲಿ ಹೂವನ್ನು ಇಂದಿಗೂ ಮೊಳದಲ್ಲಿ, ಮಾರಿನಲ್ಲಿ ಅಳೆದು ಕೊಡುತ್ತಾರೆ. (ಕೆಳಗೆ ಕರಾವಳಿಯಲ್ಲಿ ಮಲ್ಲಿಗೆಗೆ ಮೊಳವಿಲ್ಲ, ಅಲ್ಲಿ ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಹೂವೂ ಘಟ್ಟ ಇಳಿದರೆ ಲೆಕ್ಕ ಬದಲಿಸುತ್ತದೆ.) ಮೊಳಕ್ಕೆ 18 ಅಂಗುಲ, ಅಂದರೆ ಒಂದೂವರೆ ಅಡಿ ಎಂದು ಬ್ರಿಟಿಷರ ಕಾಲದಲ್ಲಿ ಗಟ್ಟಿಯಾದ ಲೆಕ್ಕದಲ್ಲಿ ಮಾರು ಆರು ಅಡಿ. ಆ ಅಂಗುಲ ಇಂಗ್ಲಿಷರ ಇಂಚು. ಸಂಸ್ಕೃತ ಗ್ರಂಥಗಳ ಅಂಗುಲ ಬೆರಳಿನ ಅಗಲ; ಅಂಥ 24 ಅಂಗುಲಕ್ಕೆ ಒಂದು ಹಸ್ತ. ಹಸ್ತವೇ ಮೊಳವೆಂದಿಟ್ಟುಕೊಂಡರೆ ಬೆರಳಿನ ಅಂಗುಲಕ್ಕೆ ಮುಕ್ಕಾಲು ಇಂಚು.

ಇಲ್ಲಿಂದ ಮೇಲಕ್ಕೆ ಏಣಿ ನೆಟ್ಟಗಿದೆ. ನಾಲ್ಕು ಹಸ್ತಕ್ಕೆ ಒಂದು ದಂಡ, ಅದೇ ಧನುಸ್ಸು, ಅದೇ ನಮ್ಮ ಮಾರು. ಎರಡು ಸಾವಿರ ದಂಡಕ್ಕೆ ಒಂದು ಕ್ರೋಶ, ನಾಲ್ಕು ಕ್ರೋಶಕ್ಕೆ ಒಂದು ಯೋಜನ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೇ ಶತಮಾನದ ನಡುಭಾಗದಲ್ಲಿ, ಮಹಾವೀರಾಚಾರ್ಯ ಬರೆದ ‘ಗಣಿತಸಾರಸಂಗ್ರಹ’ದ ಮೊದಲ ಅಧಿಕಾರದಲ್ಲಿ ಈ ಕೋಷ್ಟಕವಿದೆ, ಭಾಸ್ಕರಾಚಾರ್ಯನ ‘ಲೀಲಾವತಿ’ಯಲ್ಲೂ ಇದೇ. ಒಟ್ಟು 32,000 ಹಸ್ತಕ್ಕೆ ಒಂದು ಯೋಜನ. ಹಸ್ತಕ್ಕೆ 18 ಇಂಚು ಹಿಡಿದರೆ ಅದು 48,000 ಅಡಿ, 14.63 ಕಿಲೋಮೀಟರು. ‘ಯೋಜನಕ್ಕೆ ಒಂಬತ್ತು ಮೈಲಿ’ ಎಂಬ ಮಾತು ಹುಟ್ಟಿದ್ದು ಇಂಥ ಲೆಕ್ಕದಿಂದ.

ಆದರೆ ಇದೇ ಏಣಿಗೆ ಇನ್ನೊಂದು ಪಾಠವೂ ಇದೆ. 1909ರಲ್ಲಿ ಮೈಸೂರಿನಲ್ಲಿ ಆರ್. ಶಾಮಾಶಾಸ್ತ್ರಿಗಳು ಪ್ರಕಟಿಸಿದ ಕೌಟಿಲ್ಯನ ‘ಅರ್ಥಶಾಸ್ತ್ರ’ದಲ್ಲಿ ಕ್ರೋಶದ ಜಾಗದಲ್ಲಿರುವ ಗೋರುತಕ್ಕೆ ಸಾವಿರ ಧನುಸ್ಸು ಮಾತ್ರ. ಹಾಗಾಗಿ ಯೋಜನ ಅರ್ಧಕ್ಕೆ ಇಳಿದು 7.3 ಕಿಲೋಮೀಟರಾಗುತ್ತದೆ. ಅಷ್ಟಕ್ಕೇ ಮುಗಿಯುವುದಿಲ್ಲ. ಸಾಮಾನ್ಯ ಧನುಸ್ಸಿಗೆ 96 ಅಂಗುಲ, ದಾರಿ ಮತ್ತು ಕೋಟೆಗೋಡೆ ಅಳೆಯುವ ಧನುಸ್ಸಿಗೆ 108 ಅಂಗುಲ ಎಂದು ಕೌಟಿಲ್ಯ ಬೇರೆ ಬೇರೆಯಾಗಿಯೇ ಹೇಳುತ್ತಾನೆ. ದಾರಿಯ ಧನುಸ್ಸು ಹಿಡಿದರೆ ಯೋಜನ 8.23 ಕಿಲೋಮೀಟರು. ಅಳೆಯುವ ವಸ್ತು ಬದಲಾದರೆ ಕೋಲೂ ಬದಲಾಗಬೇಕೆಂಬುದು ಆ ಕಾಲದ ಆಡಳಿತಕ್ಕೆ ಸಹಜವಾಗಿತ್ತು.

ಕನ್ನಡ ಶಾಸನಗಳಲ್ಲಿ ಈ ಸಹಜತೆ ಇನ್ನೂ ಢಾಳಾಗಿ ಕಾಣುತ್ತದೆ. ದತ್ತಿಯ ಭೂಮಿಯನ್ನು ಯಾವ ಘಳೆಯಲ್ಲಿ, ಅಂದರೆ ಯಾವ ಅಳತೆಗೋಲಿನಲ್ಲಿ, ಅಳೆದದ್ದು ಎಂದು ಶಾಸನ ಹೆಸರು ಹಿಡಿದು ಹೇಳುತ್ತದೆ. ಬಳ್ಳಿಗಾವೆಯ ಭೇರುಂಡ ಘಳೆ ಅವುಗಳಲ್ಲಿ ಪ್ರಸಿದ್ಧ. ಮತ್ತರು ಇಷ್ಟು, ಕಮ್ಮ ಇಷ್ಟು ಎಂದರೆ ಸಾಲದು, ಯಾವ ಕೋಲಿನದು ಎಂಬುದೂ ಕಲ್ಲಿನಲ್ಲಿ ಇರಬೇಕು. 12ನೇ ಶತಮಾನದಲ್ಲಿ ಕನ್ನಡದಲ್ಲೇ ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ಗಳನ್ನು ಬರೆದ ಜೈನ ಕವಿ ರಾಜಾದಿತ್ಯನ ಓದುಗರು ಇಂಥ ಲೋಕದವರು. ಯೋಜನದ ಮಾತಿನಲ್ಲಿ ಮಾತ್ರ ನಾವು ಆ ಎಚ್ಚರವನ್ನು ಕೈಬಿಟ್ಟಿದ್ದೇವೆ. ದಾರಿಯ ಅಳತೆಯಾಗಿ ನಮ್ಮ ಹಿರಿಯರು ಆಡುತ್ತಿದ್ದದ್ದು ಹರದಾರಿ, ಗಾವುದ. ಹರದಾರಿಗೆ ಸುಮಾರು ಮೂರು ಮೈಲಿ, ಗಾವುದಕ್ಕೆ ಹನ್ನೆರಡು ಎಂಬುದು ವಾಡಿಕೆ. ಗಾವುದವನ್ನು ಯೋಜನಕ್ಕೆ ಸಮವೆಂದು ಬರೆಯುವವರೂ ಇದ್ದಾರೆ. ಹಾಗಾದರೆ ಯೋಜನ 19 ಕಿಲೋಮೀಟರು ದಾಟುತ್ತದೆ. ಘಟ್ಟ ಹತ್ತುವಾಗ ಹರದಾರಿ ಎಂದರೆ ದೂರಕ್ಕಿಂತ ಹೊತ್ತಿನ ಲೆಕ್ಕವೇ ಹೆಚ್ಚು ಎಂಬುದನ್ನು ಕಾಲುದಾರಿಯಲ್ಲಿ ಚಾರ್ಮಾಡಿ ಏರಿದ ಹೊರೆಯಾಳುಗಳಿಗೆ ಯಾರೂ ಕಲಿಸಬೇಕಿರಲಿಲ್ಲ.

ಭೂಮಿಯಿಂದ ಹೊರಟ ಅಳತೆ

ಜ್ಯೋತಿಷಿಗಳ ಯೋಜನ ಬೇರೆ ದಾರಿ ಹಿಡಿಯಿತು. ಕ್ರಿ.ಶ. 499ರ ‘ಆರ್ಯಭಟೀಯ’ದಲ್ಲಿ ಭೂಮಿಯ ವ್ಯಾಸ 1,050 ಯೋಜನ, ಚಂದ್ರನದು 315, ಸೂರ್ಯನದು 4,410. ‘ಸೂರ್ಯಸಿದ್ಧಾಂತ’ದಲ್ಲಿ ಭೂಮಿಗೆ 1,600, ಚಂದ್ರನಿಗೆ 480. ಭಾಸ್ಕರಾಚಾರ್ಯ 1150ರ ‘ಸಿದ್ಧಾಂತಶಿರೋಮಣಿ’ಯಲ್ಲಿ ಭೂಪರಿಧಿ 4,967 ಯೋಜನ, ವ್ಯಾಸ ಸುಮಾರು 1,581 ಎನ್ನುತ್ತಾನೆ. ಒಂದೇ ಭೂಮಿಗೆ ಮೂರು ಅಂಕಿ. ಇವರಲ್ಲಿ ಇಬ್ಬರು ತಪ್ಪಿದರು ಎಂದು ತೀರ್ಪು ಕೊಡುವ ಮೊದಲು ಅನುಪಾತ ನೋಡಬೇಕು. ಆರ್ಯಭಟನಲ್ಲಿ ಚಂದ್ರನ ವ್ಯಾಸ ಭೂಮಿಯ ಹತ್ತರಲ್ಲಿ ಮೂರು ಪಾಲು, ಸೂರ್ಯಸಿದ್ಧಾಂತದಲ್ಲೂ ಅಷ್ಟೇ. ಚಂದ್ರಕಕ್ಷೆ ಒಬ್ಬರಲ್ಲಿ 2,16,000 ಯೋಜನ, ಇನ್ನೊಬ್ಬರಲ್ಲಿ 3,24,000. ಕಕ್ಷೆಯನ್ನು 21,600 ಕಲೆಗಳಾಗಿ (ಡಿಗ್ರಿಯ ಅರವತ್ತನೇ ಒಂದು ಪಾಲು ಕಲೆ) ಹಂಚಿದರೆ ಕಲೆಗೆ ಹತ್ತು ಯೋಜನ ಒಂದರಲ್ಲಿ, ಹದಿನೈದು ಇನ್ನೊಂದರಲ್ಲಿ. ಭೂಮಿಯ ಅರ್ಧವ್ಯಾಸವನ್ನು ಅಳತೆಗೋಲು ಮಾಡಿಕೊಂಡರೆ ಚಂದ್ರನ ದೂರ ಆರ್ಯಭಟನಲ್ಲಿ 65.5, ಸೂರ್ಯಸಿದ್ಧಾಂತದಲ್ಲಿ 64.5; ಇಂದಿನ ಅಳತೆಯಲ್ಲಿ ಸುಮಾರು 60. ಇಬ್ಬರೂ ಹೆಚ್ಚುಕಡಿಮೆ ಒಂದೇ ಆಕಾಶವನ್ನು ಕಂಡಿದ್ದಾರೆ, ಬೇರೆ ಬೇರೆ ಯೋಜನದಲ್ಲಿ ಬರೆದಿದ್ದಾರೆ.

ಹಾಗಾದರೆ ಖಗೋಳದ ಯೋಜನವನ್ನು ಕಿಲೋಮೀಟರಿಗೆ ತರುವ ದಾರಿ ಒಂದೇ: ಭೂಮಿಯ ಮೂಲಕ. ಭೂವ್ಯಾಸ 12,742 ಕಿಲೋಮೀಟರು. ಅದನ್ನು 1,050ರಿಂದ ಭಾಗಿಸಿದರೆ ಆರ್ಯಭಟನ ಯೋಜನ 12.14 ಕಿಲೋಮೀಟರು, 1,600ರಿಂದ ಭಾಗಿಸಿದರೆ 7.96; 1,581ರಿಂದ 8.06.

ಇದನ್ನು ಚಾರ್ಮಾಡಿಯ ಮೇಲೇ ಪ್ರಯೋಗಿಸಿ ನೋಡಬಹುದು. ಉಜ್ಜಯಿನಿಯು ನಿರಕ್ಷ ರೇಖೆಯ ಮೇಲಿದೆಯೆಂದು ಕಲ್ಪಿಸಿದ ಲಂಕೆಯಿಂದ ಭೂಪರಿಧಿಯ ಹದಿನಾರನೇ ಒಂದು ಪಾಲಿನಷ್ಟು ಉತ್ತರಕ್ಕಿದೆ, ಆದ್ದರಿಂದ ಆ ದೂರವನ್ನು ಹದಿನಾರರಿಂದ ಗುಣಿಸಿದರೆ ಪರಿಧಿ ಸಿಗುತ್ತದೆ ಎಂದು ಭಾಸ್ಕರಾಚಾರ್ಯ ‘ಸಿದ್ಧಾಂತಶಿರೋಮಣಿ’ಯ ಗೋಲಾಧ್ಯಾಯದಲ್ಲಿ ಹೇಳಿದ ಯುಕ್ತಿಯೇ ಇಲ್ಲಿಯೂ ಸಾಕು. ಚಾರ್ಮಾಡಿಯ ಅಕ್ಷಾಂಶ ಸರಿಸುಮಾರು 13 ಡಿಗ್ರಿ. ಪರಿಧಿಯ 360ರಲ್ಲಿ 13 ಪಾಲು ತೆಗೆದರೆ ನಿರಕ್ಷ ರೇಖೆಯಿಂದ ಚಾರ್ಮಾಡಿಗೆ ಆರ್ಯಭಟನ ಲೆಕ್ಕದಲ್ಲಿ 119 ಯೋಜನ, ಭಾಸ್ಕರನ ಲೆಕ್ಕದಲ್ಲಿ 179. ಅವರವರ ಯೋಜನದಿಂದ ಗುಣಿಸಿದರೆ ಎರಡೂ 1,445 ಕಿಲೋಮೀಟರಿನ ಹತ್ತಿರವೇ ಬಂದು ನಿಲ್ಲುತ್ತವೆ. ಈಗ ಬೆರಳಿನ ಏಣಿಯಿಂದ ಬಂದ 14.63 ಕಿಲೋಮೀಟರಿನ ಯೋಜನವನ್ನು ಇದೇ ಅಂಕಿಗಳಿಗೆ ಹಚ್ಚಿ ನೋಡಿ. ಆರ್ಯಭಟನ 119 ಯೋಜನ 1,740 ಕಿಲೋಮೀಟರು ದಾಟುತ್ತದೆ. ಚಾರ್ಮಾಡಿ ಗೋವಾದ ಉತ್ತರ ಅಂಚಿನ ಅಕ್ಷಾಂಶಕ್ಕೆ ಹೋಗಿ ಬೀಳುತ್ತದೆ. ಭಾಸ್ಕರನ 179 ಯೋಜನವಾದರೆ 2,620 ಕಿಲೋಮೀಟರು. ಉಜ್ಜಯಿನಿಯನ್ನೂ ಹಿಂದೆ ಹಾಕಿಬಿಡುತ್ತದೆ!

ಇನ್ನೂ ಬಿಗಿಯಾದ ಪರೀಕ್ಷೆಯೊಂದಿದೆ. ‘ಲೀಲಾವತಿ’ಯಲ್ಲಿ ಯೋಜನಕ್ಕೆ 32,000 ಹಸ್ತ ಎಂದವನೂ ‘ಸಿದ್ಧಾಂತಶಿರೋಮಣಿ’ಯಲ್ಲಿ ಭೂವ್ಯಾಸ 1,581 ಯೋಜನ ಎಂದವನೂ ಒಬ್ಬನೇ. ಎರಡನ್ನೂ ಜೋಡಿಸಿದರೆ ಅವನ ಹಸ್ತ 25 ಸೆಂಟಿಮೀಟರು, ಒಂದು ಗೇಣಿಗಿಂತ ತುಸು ಹೆಚ್ಚು. ಮೊಳಕೈಯಿಂದ ಬೆರಳ ತುದಿಯವರೆಗೆ ಅಷ್ಟೇ ಉದ್ದವಿರುವ ದೊಡ್ಡವರು ಯಾರೂ ಇಲ್ಲ. ಆರ್ಯಭಟನೂ ‘ಆರ್ಯಭಟೀಯ’ದಲ್ಲೇ ಎಂಟು ಸಾವಿರ ‘ನೃ’ಗಳಿಗೆ ಒಂದು ಯೋಜನ, ನೃ ಎಂದರೆ ನಾಲ್ಕು ಹಸ್ತ ಎಂದು ಹೇಳುತ್ತಾನೆ, ಅವನ ಹಸ್ತ 38 ಸೆಂಟಿಮೀಟರು ಆಗುತ್ತದೆ, ಅದೂ ಗಿಡ್ಡವೇ. ಸೂರ್ಯಸಿದ್ಧಾಂತದ 7.96ಕ್ಕೂ ಕೌಟಿಲ್ಯನ ದಾರಿಯೋಜನದ 8.23ಕ್ಕೂ ಇರುವ ಹತ್ತಿರಿಕೆ ನೋಡಿ ಖಗೋಳಜ್ಞರು ಕೌಟಿಲ್ಯನ ಧನುಸ್ಸನ್ನೇ ಹಿಡಿದಿದ್ದರು ಎಂದು ವಾದಿಸುವ ಆಸೆ ಬರುತ್ತದೆ. ನನಗೆ ಆ ಧೈರ್ಯವಿಲ್ಲ. ಎರಡು ಅಂಕಿ ಹತ್ತಿರ ಬಂದದ್ದು ಸಂಬಂಧಕ್ಕೆ ಪುರಾವೆಯಾಗುವುದಿಲ್ಲ. ಭಾಸ್ಕರನ ಸ್ವಂತ ಕೋಷ್ಟಕವೇ ಆ ವಾದಕ್ಕೆ ಅಡ್ಡ ನಿಲ್ಲುತ್ತದೆ. ಅಳತೆಯ ಕೋಷ್ಟಕ ವ್ಯವಹಾರದ ಪಾಠಕ್ಕೆ, ಯೋಜನದ ಅನುಪಾತ ಗ್ರಹಣದ ಲೆಕ್ಕಕ್ಕೆ. ಗ್ರಹಣಕ್ಕೆ ಬೇಕಾದದ್ದು ಭೂಮಿ, ಚಂದ್ರ, ನೆರಳು ಇವುಗಳ ಪರಸ್ಪರ ಪ್ರಮಾಣ. ಯೋಜನ ಎಷ್ಟು ಮೊಳ ಎಂಬುದು ಅಲ್ಲಿ ಬೇಕಾಗಲೇ ಇಲ್ಲ.

ಆದರೆ ಸೂರ್ಯನ ದೂರದಲ್ಲಿ ಲೆಕ್ಕ ಜಾರಿತು. ಎಲ್ಲ ಗ್ರಹಗಳೂ ದಿನಕ್ಕೆ ಸಮಾನ ಯೋಜನ ಕ್ರಮಿಸುತ್ತವೆ ಎಂಬ ಊಹೆಯ ಮೇಲೆ ಕಕ್ಷೆಗಳನ್ನು ಕಟ್ಟಿದ್ದರಿಂದ, ಆರ್ಯಭಟನಲ್ಲಿ ಸೂರ್ಯನ ದೂರ ಸುಮಾರು 4,59,600 ಯೋಜನ, ಇಂದಿನ ಮಾತಿನಲ್ಲಿ 56 ಲಕ್ಷ ಕಿಲೋಮೀಟರು. ನಿಜವಾದ ದೂರ ಅದರ 27 ಪಟ್ಟು. ಚಂದ್ರ ಸರಿಯಾಗಿ ಸಿಕ್ಕಿದ, ಸೂರ್ಯ ತಪ್ಪಿಹೋದ. ಯೋಜನವನ್ನು ಎಷ್ಟೇ ಹಿಗ್ಗಿಸಿದರೂ ಕುಗ್ಗಿಸಿದರೂ ಎರಡನ್ನೂ ಒಟ್ಟಿಗೆ ಸರಿಪಡಿಸಲಾಗುವುದಿಲ್ಲ.

ಸರಪಳಿಯೂ ಶುಕ್ರನೂ

ನೆಲದ ಕೋಲನ್ನೂ ಆಕಾಶದ ಅನುಪಾತವನ್ನೂ ಒಂದೇ ಗೂಟಕ್ಕೆ ಕಟ್ಟುವ ಕೆಲಸ ಈ ಸೀಮೆಯಲ್ಲಿ 19ನೇ ಶತಮಾನದ ಮೊದಲ ವರ್ಷಗಳಲ್ಲಿ ನಡೆಯಿತು. ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದ್ರಾಸಿನಲ್ಲಿ ಆಧಾರರೇಖೆ ಅಳೆದು ತ್ರಿಕೋನಮಿತಿಯ ಮೋಜಣಿ ಶುರುಮಾಡಿದ. 1804ರಲ್ಲಿ ಬೆಂಗಳೂರಿನ ಬಳಿ ಇನ್ನೊಂದು ಆಧಾರರೇಖೆ. ಅಲ್ಲಿಂದ ಬೆಟ್ಟದಿಂದ ಬೆಟ್ಟಕ್ಕೆ ತ್ರಿಕೋನ ಹೆಣೆಯುತ್ತ ಘಟ್ಟ ದಾಟಿ ಮಂಗಳೂರು. ಅವನ ನೂರು ಅಡಿಯ ಉಕ್ಕಿನ ಸರಪಳಿಗೂ ಒಂದು ಕಥೆ ಇದೆ. ಚೀನಾದ ಚಕ್ರವರ್ತಿಗೆಂದು ಇಂಗ್ಲೆಂಡಿನಿಂದ ಹೋದ ಕಾಣಿಕೆಗಳಲ್ಲಿ ಒಂದಾಗಿದ್ದ ಅದು ಅಲ್ಲಿ ಬೇಡವಾಗಿ ಕಲ್ಕತ್ತಕ್ಕೆ ಬಂದು ಮಾರಾಟಕ್ಕೆ ಸಿಕ್ಕಿತ್ತು. ಆ ಸರಪಳಿಯಿಂದ ಹೊರಟ ಲೆಕ್ಕದಲ್ಲಿ ಮದ್ರಾಸಿನಿಂದ ಮಂಗಳೂರಿಗೆ ಇರುವ ಅಗಲ ಸುಮಾರು 360 ಮೈಲಿ ಎಂದು ತಿಳಿಯಿತು. ಅದುವರೆಗಿನ ನಕ್ಷೆಗಳಲ್ಲಿ ಅದು 400 ಮೈಲಿ ಇತ್ತು. ಪರ್ಯಾಯದ್ವೀಪವೇ ನಲವತ್ತು ಮೈಲಿ ಕಿರಿದಾಯಿತು. ಭೂಮಿಯ ಡಿಗ್ರಿಯೊಂದಕ್ಕೆ ನೆಲದ ಮೇಲೆ ಎಷ್ಟು ಅಡಿ ಎಂಬುದೇ ಲ್ಯಾಂಬ್ಟನ್ನನ ಮುಖ್ಯ ಪ್ರಶ್ನೆಯಾಗಿತ್ತು. ಅದೇ ದಶಕದಲ್ಲಿ ಫ್ರಾನ್ಸಿನವರು ಧ್ರುವದಿಂದ ನಿರಕ್ಷಕ್ಕಿರುವ ದೂರದ ಕೋಟಿಯಲ್ಲಿ ಒಂದು ಪಾಲಿಗೆ ಮೀಟರ್ ಎಂದು ಹೆಸರಿಟ್ಟು ಬಳಕೆಗೆ ತರುತ್ತಿದ್ದರು. ಮೀಟರೂ ಹುಟ್ಟಿನಿಂದ ಭೂಮಾನವೇ. ಆದ್ದರಿಂದಲೇ ಆರ್ಯಭಟನ ಯೋಜನಕ್ಕೂ ಅದಕ್ಕೂ ಹೊಂದಿಸುವುದು ಸುಲಭ, ಮೊಳಕ್ಕೂ ಅದಕ್ಕೂ ಹೊಂದಿಸುವುದು ಕಷ್ಟ.

ಉಳಿದದ್ದು ಸೂರ್ಯ. ಕೆಪ್ಲರನ ಮೂರನೇ ನಿಯಮ 1619ರಲ್ಲಿ ಬಂದ ಮೇಲೆ ಗ್ರಹಗಳ ದೂರವನ್ನೆಲ್ಲ ಭೂಮಿ–ಸೂರ್ಯರ ದೂರದ ಪಟ್ಟುಗಳಲ್ಲಿ ಬರೆಯುವುದು ಸಾಧ್ಯವಾಗಿತ್ತು. ಆ ಮೂಲದೂರ ಎಷ್ಟು ಮೈಲಿ ಎಂಬುದು ಮಾತ್ರ ಗಟ್ಟಿಯಾಗಿರಲಿಲ್ಲ. ಶುಕ್ರ ಸೂರ್ಯಬಿಂಬದ ಮುಂದೆ ಹಾಯುವ ಅಪರೂಪದ ಹೊತ್ತಿನಲ್ಲಿ ಭೂಮಿಯ ಬೇರೆ ಬೇರೆ ಊರುಗಳಿಂದ ಹೊತ್ತು ಗುರುತಿಸಿದರೆ ಅದು ತಿಳಿಯುತ್ತದೆ. 1874ರ ಡಿಸೆಂಬರ್ 9ರ ಸಂಕ್ರಮಣಕ್ಕೆ ಮುಂಚೆ ಮದ್ರಾಸ್ ವೀಕ್ಷಣಾಲಯದ ಚಿಂತಾಮಣಿ ರಘುನಾಥಾಚಾರಿ ಇದನ್ನು ಜನಸಾಮಾನ್ಯರಿಗೆ ವಿವರಿಸಲು ಒಂದು ಪುಸ್ತಿಕೆ ಬರೆದರು. ಅದು ಕನ್ನಡದಲ್ಲೂ ಬಂತು. ಸಿದ್ಧಾಂತದ ಯೋಜನಗಳಲ್ಲಿ ಸೂರ್ಯನನ್ನು ಕಲಿತ ಪಂಚಾಂಗದವರಿಗೆ, ಅದೇ ಸೂರ್ಯನ ದೂರವನ್ನು ಒಂಬತ್ತು ಕೋಟಿಗೂ ಮೀರಿದ ಮೈಲಿಗಳಲ್ಲಿ ಕಲ್ಪಿಸಿಕೊಳ್ಳುವಂತೆ ಕನ್ನಡದಲ್ಲಿ ಕೇಳಿಕೊಂಡ ಮೊದಮೊದಲ ಬರಹಗಳಲ್ಲಿ ಅದೊಂದು. ಇಂದು ಆ ದೂರಕ್ಕೆ ಅಳತೆಯೇ ಬೇಕಿಲ್ಲ. 2012ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಖಗೋಳಮಾನವನ್ನು 1,49,59,78,70,700 ಮೀಟರು ಎಂದು ಕಟ್ಟುಹಾಕಿತು. ಸೆಂಟ್ಸಿಗೂ ಗುಂಟೆಗೂ ಇರುವಂಥ ಶೇಷವಿಲ್ಲದ ಸಂಬಂಧ ಆಕಾಶಕ್ಕೂ ನೆಲಕ್ಕೂ ಏರ್ಪಟ್ಟಿದ್ದು ಆಗ.

ಮೂಡುಬಿದಿರೆಯ ಮೂರು ಅಂಗುಲ

ಮೂಡುಬಿದಿರೆಯ ಗುರು ಬಸದಿಗೆ ಸಿದ್ಧಾಂತ ಬಸದಿ ಎಂಬ ಹೆಸರೂ ಉಂಟು. ಪುಷ್ಪದಂತ, ಭೂತಬಲಿ ಆಚಾರ್ಯರ ‘ಷಟ್ಖಂಡಾಗಮ’ಕ್ಕೆ ವೀರಸೇನಾಚಾರ್ಯರು 9ನೇ ಶತಮಾನದ ಆರಂಭದಲ್ಲಿ ಬರೆದ ‘ಧವಲಾ’ ಟೀಕೆ ಹಳೆಯ ಕನ್ನಡ ಲಿಪಿಯ ತಾಳೆಗರಿಗಳಲ್ಲಿ ಉಳಿದದ್ದು ಇಲ್ಲಿ. ಯಾತ್ರಿಕರಿಗೆ ಅದು ದರ್ಶನಕ್ಕೆ, ಓದಿಗಲ್ಲ. ನಕಲು ಮಾಡುವ ಕೆಲಸ 19ನೇ ಶತಮಾನದ ಕೊನೆಗೆ ಶುರುವಾಗಿ ದಶಕಗಳ ಕಾಲ ನಡೆಯಿತು. ನಕಲಿನ ನಕಲು ಗುಟ್ಟಾಗಿ ಉತ್ತರ ಭಾರತ ಸೇರಿತು. ಹೀರಾಲಾಲ್ ಜೈನ್ ಅವರ ಸಂಪಾದನೆಯಲ್ಲಿ 1939ರಿಂದ ಹದಿನಾರು ಸಂಪುಟಗಳು ಅಚ್ಚಾದವು. ಅದುವರೆಗೆ ಭಾರತೀಯ ಗಣಿತದ ಇತಿಹಾಸಕಾರರಿಗೆ ವೀರಸೇನರು ಬರಿಯ ಹೆಸರು.

ಆ ಟೀಕೆ ನಿಂತಿರುವ ದಿಗಂಬರ ಜೈನ ಪರಂಪರೆಯಲ್ಲಿ, ‘ತಿಲೋಯಪಣ್ಣತ್ತಿ’ ಎಂಬ ಗ್ರಂಥದಲ್ಲಿ ಕಾಣುವಂತೆ, ಅಂಗುಲ ಮೂರು ಬಗೆ. ಪರಮಾಣುವಿನಿಂದ ಎಂಟೆಂಟು ಪಟ್ಟು ಏರುತ್ತ ಕೂದಲೆಳೆ, ಲಿಕ್ಷೆ, ಜವೆಗೋಧಿಯ ಕಾಳು ದಾಟಿ ಬರುವುದು ಉತ್ಸೇಧಾಂಗುಲ. ಇದು ಜೀವಿಗಳ ಮೈ ಅಳೆಯಲು. ಇದರ ಐನೂರು ಪಟ್ಟು ಪ್ರಮಾಣಾಂಗುಲ. ದ್ವೀಪ, ಸಮುದ್ರ, ಪರ್ವತ, ನದಿಗಳನ್ನು ಅಳೆಯಲು. ಆಯಾ ಕಾಲದ ಮನುಷ್ಯರ ಸ್ವಂತ ಬೆರಳು ಆತ್ಮಾಂಗುಲ. ಕಲಶ, ಕನ್ನಡಿ, ಹಾಸಿಗೆ, ಬಂಡಿ, ಮನೆಗಳಿಗೆ. ಮಹಾವೀರಾಚಾರ್ಯನೂ ವ್ಯವಹಾರದ ಅಂಗುಲ, ಅದರ ಐನೂರು ಪಟ್ಟಿನ ಪ್ರಮಾಣ, ತಮ್ಮತಮ್ಮ ಕಾಲದವರ ಬೆರಳು ಎಂದು ಮೂರನ್ನೂ ಬೇರ್ಪಡಿಸುತ್ತಾನೆ. ಅಂಗುಲ ಮೂರಾದರೆ ಹಸ್ತ ಮೂರು, ಯೋಜನವೂ ಮೂರು. ಆರ್ಯಭಟ, ಭಾಸ್ಕರರಲ್ಲಿ ನಾವು ಊಹೆಯಿಂದ ಹೊರತೆಗೆಯಬೇಕಾದ ಬಿರುಕನ್ನು ಈ ಪರಂಪರೆ ಕೋಷ್ಟಕದ ಮೊದಲ ಸಾಲಿನಲ್ಲೇ ಬರೆದಿಟ್ಟಿತು.

ಇದರ ಫಲವನ್ನು ಹತ್ತಿರದಲ್ಲೇ ನೋಡಬಹುದು. ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ 1604ರಲ್ಲಿ ತಿಮ್ಮಣ್ಣ ಅಜಿಲ ನಿಲ್ಲಿಸಿದ ಗೊಮ್ಮಟ 35 ಅಡಿ. ಜಿನಸೇನರ ‘ಆದಿಪುರಾಣ’ದ ಪರಂಪರೆಯಲ್ಲಿ ಬಾಹುಬಲಿಯ ಎತ್ತರ 525 ಧನುಸ್ಸು, ಅಣ್ಣ ಭರತನದು 500. ಮೈ ಅಳೆಯುವುದು ಉತ್ಸೇಧಾಂಗುಲದಿಂದ, ಆದ್ದರಿಂದ ಧನುಸ್ಸಿಗೆ ಆರು ಅಡಿ ಹಿಡಿದರೆ 3,150 ಅಡಿ. ವೇಣೂರಿನ ಮೂರ್ತಿಯ ನೇರ ತೊಂಬತ್ತು ಪಟ್ಟು. ಬೆಳ್ತಂಗಡಿಯ ಮೇಲೆ ಕಾವಲು ನಿಂತಂತಿರುವ ಗಡಾಯಿಕಲ್ಲು ಸುಮಾರು 1,700 ಅಡಿ. ಪುರಾಣದ ಬಾಹುಬಲಿಗೆ ಅದು ಸೊಂಟದ ಮಟ್ಟ. ಪ್ರಮಾಣಾಂಗುಲದಿಂದ ಅಳೆದೆವೋ, ಮೈಯೊಂದೇ ನಾನೂರ ಎಂಬತ್ತು ಕಿಲೋಮೀಟರು. ಶಿಲ್ಪಿಗೆ ಇದರಲ್ಲಿ ಯಾವುದೂ ಬೇಕಿರಲಿಲ್ಲ. ಅವನ ಲೆಕ್ಕ ತಾಳಮಾನದ್ದು, ಮುಖದ ಉದ್ದದ ಪಟ್ಟುಗಳಲ್ಲಿ.

ಲೋಕದ ಅಳತೆಗೆ ಬಂದರೆ ಐನೂರರ ಪಟ್ಟು ನಿರ್ಣಾಯಕ. ಈ ಪರಂಪರೆಯಲ್ಲಿ ಎಲ್ಲದರ ನಡುವೆ ಇರುವ ಜಂಬೂದ್ವೀಪದ ವ್ಯಾಸ ಒಂದು ಲಕ್ಷ ಯೋಜನ. ಅದರ ಪರಿಧಿಯನ್ನು 3,16,227 ಯೋಜನ, 3 ಕ್ರೋಶ, 128 ಧನುಸ್ಸು, ಹದಿಮೂರೂವರೆ ಅಂಗುಲಕ್ಕೆ ತುಸು ಹೆಚ್ಚು ಎಂದು ಗ್ರಂಥಗಳು ಕೊಡುತ್ತವೆ. ಈ ಅಂಕಿ ಎಲ್ಲಿಂದ ಬಂತೆಂದು ಹುಡುಕಿದರೆ ಒಂದು ಸೊಗಸಾದ ಲೆಕ್ಕ ಬಿಚ್ಚಿಕೊಳ್ಳುತ್ತದೆ. ವ್ಯಾಸದ ವರ್ಗದ ಹತ್ತು ಪಟ್ಟಿಗೆ ವರ್ಗಮೂಲ ತೆಗೆದಿದ್ದಾರೆ. ಪೂರ್ಣಾಂಕ ಮೂಲ 3,16,227, ಶೇಷ 4,84,471. ಶೇಷವನ್ನು ಮೂಲದ ಇಮ್ಮಡಿಯಿಂದ, ಅಂದರೆ 6,32,454ರಿಂದ ಭಾಗಿಸಿ ಬಂದ ಭಿನ್ನವನ್ನು ಕ್ರೋಶ, ಧನುಸ್ಸು, ಅಂಗುಲಗಳಿಗೆ ಇಳಿಸುತ್ತ ಬಂದರೆ 13.6 ಅಂಗುಲ ಸಿಗುತ್ತದೆ. ಹತ್ತರ ವರ್ಗಮೂಲವನ್ನು ಇಂದಿನ ಗಣಕದಲ್ಲಿ ತೆಗೆದರೆ 12.9. ಮೂರು ಲಕ್ಷ ಯೋಜನದ ಸುತ್ತಿನಲ್ಲಿ ವ್ಯತ್ಯಾಸ ಮುಕ್ಕಾಲು ಬೆರಳು! ಆದರೆ ಪರಿಧಿಗೂ ವ್ಯಾಸಕ್ಕೂ ಇರುವ ಅನುಪಾತ ಹತ್ತರ ವರ್ಗಮೂಲವಲ್ಲ. ನಿಜವಾದ ಪರಿಧಿ 3,14,159 ಯೋಜನ. ಬೆರಳಿನವರೆಗೆ ಶುದ್ಧವಾದ ಲೆಕ್ಕ ಎರಡು ಸಾವಿರ ಯೋಜನ ಆಚೆ ನಿಂತಿದೆ. ವೀರಸೇನರಿಗೆ ಇದಕ್ಕಿಂತ ಸೂಕ್ಷ್ಮವಾದ, 113ನ್ನು ಛೇದವಾಗಿಟ್ಟುಕೊಂಡ ಸೂತ್ರವೂ ಗೊತ್ತಿತ್ತು.

ಜಂಬೂದ್ವೀಪದ ಸುತ್ತ ಲವಣಸಮುದ್ರ, ಅದರ ಸುತ್ತ ಧಾತಕೀಖಂಡ, ಹೀಗೆ ಒಂದೊಂದು ಉಂಗುರವೂ ಹಿಂದಿನದರ ಇಮ್ಮಡಿ ಅಗಲ. ವರ್ಷಕ್ಕೆ ಮೂರು ಸಲ ಅಷ್ಟಾಹ್ನಿಕ ಪರ್ವದಲ್ಲಿ ಪೂಜೆಗೊಳ್ಳುವ ನಂದೀಶ್ವರ ದ್ವೀಪ ಎಂಟನೆಯದು. ಹದಿನಾಲ್ಕು ಇಮ್ಮಡಿಗಳ ನಂತರ ಬರುವುದರಿಂದ ಅದರ ಅಗಲ 163 ಕೋಟಿ 84 ಲಕ್ಷ ಯೋಜನ. ಇದನ್ನು 14.63 ಕಿಲೋಮೀಟರಿನ ಯೋಜನದಿಂದ ಗುಣಿಸಿದರೆ ಸುಮಾರು 160 ಖಗೋಳಮಾನ, ಪ್ಲೂಟೊ ಕಕ್ಷೆಯ ಅರ್ಧವ್ಯಾಸದ ನಾಲ್ಕು ಪಟ್ಟು. ದ್ವೀಪಕ್ಕೆ ಸಲ್ಲುವ ಪ್ರಮಾಣಯೋಜನದಿಂದ ಗುಣಿಸಿದರೆ ಒಂದೂಕಾಲು ಜ್ಯೋತಿರ್ವರ್ಷ. ಇಂಥ ಫಲಿತಾಂಶ ಕಂಡು ಪ್ರಾಚೀನರಿಗೆ ನಕ್ಷತ್ರಗಳ ದೂರ ತಿಳಿದಿತ್ತು ಎಂದು ಬರೆಯುವವರಿದ್ದಾರೆ. ನಂದೀಶ್ವರ ನಕ್ಷತ್ರವಲ್ಲ, ಆ ದೂರದಲ್ಲಿ ಯಾವ ನಕ್ಷತ್ರವೂ ಇಲ್ಲ. ಇಲ್ಲಿ ಗಮನಿಸಬೇಕಾದದ್ದು ಇಮ್ಮಡಿಯ ಗಣಿತ.

ಏಕೆಂದರೆ ಆ ಗಣಿತವೇ ಮುಂದೆ ರಜ್ಜುವಿಗೆ ಒಯ್ಯುತ್ತದೆ. ಉಂಗುರಗಳ ಕೊನೆಯದು ಸ್ವಯಂಭೂರಮಣ ಸಮುದ್ರ. ಅದನ್ನೂ ಒಳಗೊಂಡ ವ್ಯಾಸಕ್ಕೆ ರಜ್ಜು ಎಂದು ಹೆಸರು. ದ್ವೀಪ-ಸಮುದ್ರಗಳು ಅಸಂಖ್ಯಾತವಾದ್ದರಿಂದ ರಜ್ಜುವಿಗೆ ಎಷ್ಟು ಯೋಜನ ಎಂದು ಅಂಕಿಯಲ್ಲಿ ಬರೆಯುವಂತಿಲ್ಲ. ಬರೆಯಲಾಗದ ಸಂಖ್ಯೆಯನ್ನು ವೀರಸೇನರು ಬೇರೆ ರೀತಿ ಹಿಡಿಯುತ್ತಾರೆ. ಒಂದು ರಾಶಿಯನ್ನು ಎಷ್ಟು ಸಲ ಅರ್ಧಿಸಬಹುದೋ ಅದು ಅದರ ಅರ್ಧಚ್ಛೇದ. ಇಂದಿನವರು ಎರಡರ ಆಧಾರದ ಲಾಗರಿದಂ ಎನ್ನುವುದೇ ಅದು. ಇಮ್ಮಡಿಯಾಗುತ್ತ ಹೋದ ಉಂಗುರಗಳ ಎಣಿಕೆಗೆ ಜಂಬೂದ್ವೀಪದ ಅರ್ಧಚ್ಛೇದಗಳನ್ನೂ ಮತ್ತೊಂದಿಷ್ಟನ್ನೂ ಕೂಡಿಸಿದರೆ ರಜ್ಜುವಿನ ಅರ್ಧಚ್ಛೇದ ಸಿಗುತ್ತದೆ. ಆ ‘ಮತ್ತೊಂದಿಷ್ಟು’ ಎಷ್ಟಿರಬೇಕೆಂಬುದು ಅಲ್ಲಿ ಚರ್ಚೆಯ ವಿಷಯ.

ಲೋಕದ ಘನಫಲವನ್ನು ಅವರು ರಜ್ಜುವಿನಲ್ಲೇ ತೆಗೆಯುತ್ತಾರೆ. ಲೋಕದ ಎತ್ತರ 14 ರಜ್ಜು. ಅಗಲ ಬುಡದಲ್ಲಿ 7, ನಡುವೆ 1, ಮೇಲ್ಭಾಗದ ಮಧ್ಯದಲ್ಲಿ 5, ತುದಿಯಲ್ಲಿ ಮತ್ತೆ 1. ಎಲ್ಲೆಡೆ ದಪ್ಪ 7 ರಜ್ಜು ಎಂದಾದರೆ ಕೆಳಲೋಕಕ್ಕೆ 196, ಮೇಲುಲೋಕಕ್ಕೆ 147, ಒಟ್ಟು 343 ಘನ ರಜ್ಜು. ಆಗಮ ಕೇಳುವ ಏಳರ ಘನ ಸರಿಯಾಗಿ ಕೂಡಿಬರುತ್ತದೆ. ಲೋಕ ಮೃದಂಗದಂತೆ ದುಂಡಗಿದೆ ಎಂಬ ಪಕ್ಷವನ್ನು ಪರೀಕ್ಷಿಸಲು ವೀರಸೇನರು ಶಂಕುವಿನ ತುಂಡುಗಳನ್ನು ಸೀಳಿ, ಚಪ್ಪಟೆ ಹರವಿ, ಉಳಿದ ಮೂಲೆಗಳನ್ನು ಮತ್ತೆ ಮತ್ತೆ ಸೀಳಿ ಕೂಡಿಸುತ್ತ ಹೋಗುತ್ತಾರೆ. ಬರುವುದು 164 ಘನ ರಜ್ಜುವಿಗೆ ಸ್ವಲ್ಪ ಹೆಚ್ಚು, ಬೇಕಾದದ್ದರ ಅರ್ಧಕ್ಕೂ ಕಡಿಮೆ. ಆದ್ದರಿಂದ ಆ ಪಕ್ಷ ಬಿದ್ದುಹೋಗುತ್ತದೆ. ಅವಧೇಶ ನಾರಾಯಣ ಸಿಂಗ್ ಅವರು 1942ರಲ್ಲಿ ಅಚ್ಚಾದ ನಾಲ್ಕನೇ ಸಂಪುಟಕ್ಕೆ ಧವಲಾದ ಗಣಿತದ ಬಗ್ಗೆ ಬರೆದ ಪ್ರಬಂಧದಿಂದ ಈ ಟೀಕೆಯ ಗಣಿತ ಹೊರಜಗತ್ತಿನ ವಿದ್ವಾಂಸರಿಗೆ ತಲುಪಿತು. ಒಂದು ಆಕಾರವನ್ನು ಒಪ್ಪಿ ಇನ್ನೊಂದನ್ನು ತಳ್ಳಿದ ಈ ವಾದದಲ್ಲಿ ರಜ್ಜುವನ್ನು ಯೋಜನಕ್ಕೆ ಇಳಿಸುವ ಅಗತ್ಯ ಎಲ್ಲಿಯೂ ಬೀಳುವುದಿಲ್ಲ. ಕೆಪ್ಲರನ ನಂತರದ ಖಗೋಳಜ್ಞರು ಮೈಲಿಯ ಹಂಗಿಲ್ಲದೆ ಎರಡೂವರೆ ಶತಮಾನ ಸೌರವ್ಯೂಹದ ನಕ್ಷೆ ಬರೆದದ್ದೂ ಇದೇ ಕ್ರಮದಲ್ಲಿ.